ಊರು ಕಟ್ಟಿದ ದೊರೆ, ಬಾಗಿಲು ತೆರೆದ ದೊರೆ: ಕೊಲ್ಹಾಪುರದ ಶಾಹು ಮಹಾರಾಜರು

ಜೂನ್ 26ನ್ನು ಮಹಾರಾಷ್ಟ್ರದಲ್ಲಿ ಸಾಮಾಜಿಕ ನ್ಯಾಯ ದಿನವಾಗಿ ಆಚರಿಸುತ್ತಾರೆ. ಅದು ಕೊಲ್ಹಾಪುರದ ರಾಜರ್ಷಿ ಶಾಹು ಮಹಾರಾಜರ ಜನ್ಮದಿನ. ಮೀಸಲಾತಿ ವಿಷಯ ಬಂದಾಗಲೆಲ್ಲ ಅವರ ಹೆಸರು ಬರುತ್ತದೆ. ಹಾಗಾಗಿ ನಮ್ಮಲ್ಲಿ ಹಲವರಿಗೆ ಅವರು ಗೊತ್ತು. ಆದರೆ ಅವರು ಒಬ್ಬ ಊರು ಕಟ್ಟಿದ ಮನುಷ್ಯ ಕೂಡಾ ಆಗಿದ್ದರು ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಮಾರುಕಟ್ಟೆ, ಹಾಸ್ಟೆಲ್, ಅಣೆಕಟ್ಟು, ಕುಸ್ತಿ ಮೈದಾನ, ನಾಟಕ ಶಾಲೆ, ಕೊನೆಗೆ ಖಾಲಿ ಜಾಗದಲ್ಲಿ ಒಂದು ಇಡೀ ಪಟ್ಟಣ. ಇದೆಲ್ಲ 28 ವರ್ಷಗಳ ಆಡಳಿತದಲ್ಲಿ ಆದದ್ದು.

ನಮ್ಮ ಯುವಕರಲ್ಲಿ ಇಂದು ಸಿವಿಲ್ ಎಂಜಿನಿಯರಿಂಗ್, ಆರ್ಕಿಟೆಕ್ಚರ್ ಕಲಿಯುವವರು ಬಹಳ ಮಂದಿ ಇದ್ದಾರೆ. ಊರಲ್ಲೂ ಗಲ್ಫಿನಲ್ಲೂ ಕಟ್ಟಡದ ಕೆಲಸದಲ್ಲಿ ಇರುವವರು ಇನ್ನೂ ಜಾಸ್ತಿ. ಹೊಸ ಮನೆ ಅಂದ ಕೂಡಲೇ ನಾವು ನೋಡುವುದು ಎಲಿವೇಶನ್, ತ್ರೀಡಿ ಡಿಸೈನ್, ಟೈಲ್ಸ್, ಗೇಟು. ಆ ಮನೆಗೆ ನೀರು ಎಲ್ಲಿಂದ, ಮಳೆ ನೀರು ಹೋಗುವುದು ಎಲ್ಲಿಗೆ, ಆ ಬೀದಿಯಲ್ಲಿ ಯಾರಿಗೆಲ್ಲ ಜಾಗ ಉಂಟು ಎಂಬ ಪ್ರಶ್ನೆ ಕೊನೆಗೆ ಬರುತ್ತದೆ, ಅಥವಾ ಬರುವುದೇ ಇಲ್ಲ. ಶಾಹು ಮಹಾರಾಜರು ಈ ಪ್ರಶ್ನೆಗಳನ್ನೇ ಮೊದಲು ಇಟ್ಟುಕೊಂಡವರು. ಅದಕ್ಕಾಗಿಯೇ ಅವರ ಬದುಕನ್ನು ಇಲ್ಲಿ ಸ್ವಲ್ಪ ಬೇರೆ ದಾರಿಯಿಂದ ನೋಡೋಣ.

ಕಾಗಲದ ಹುಡುಗ, ಧಾರವಾಡದ ವಿದ್ಯಾರ್ಥಿ

1874ರಲ್ಲಿ ಕಾಗಲದ ಘಾಟ್ಗೆ ಮನೆತನದಲ್ಲಿ ಹುಟ್ಟಿದ ಹುಡುಗನ ಹೆಸರು ಯಶವಂತರಾವ್. ನಿಪ್ಪಾಣಿ ದಾಟಿ ಹೆದ್ದಾರಿಯಲ್ಲಿ ಕೊಲ್ಹಾಪುರಕ್ಕೆ ಹೋಗುವಾಗ ಸಿಗುವ ಊರು ಈ ಕಾಗಲ. ತಂದೆ ಜಯಸಿಂಗರಾವ್. ತಾಯಿ ರಾಧಾಬಾಯಿ ನಮ್ಮ ಮುಧೋಳದ ರಾಜಮನೆತನದವರು. ಅಂದರೆ ಈಗಿನ ಬಾಗಲಕೋಟೆ ಜಿಲ್ಲೆ ಅವರ ಅಜ್ಜಿಮನೆ. ಮೂರರ ಪ್ರಾಯದಲ್ಲಿ ತಾಯಿ ತೀರಿಕೊಂಡರು. 1884ರ ಮಾರ್ಚ್‌ನಲ್ಲಿ ಕೊಲ್ಹಾಪುರದ ರಾಣಿ ಆನಂದಿಬಾಯಿ ಈ ಹುಡುಗನನ್ನು ದತ್ತು ತೆಗೆದುಕೊಂಡು ಶಾಹು ಎಂದು ಹೆಸರಿಟ್ಟರು. ಎರಡು ವರ್ಷದಲ್ಲಿ ಹೆತ್ತ ತಂದೆಯೂ ಹೋದರು.

ರಾಜಕೋಟೆಯ ರಾಜಕುಮಾರ ಕಾಲೇಜಿನ ನಂತರ ಓದು ಮುಂದುವರಿದದ್ದು ಧಾರವಾಡದಲ್ಲಿ. 1890ರಿಂದ ಸುಮಾರು ನಾಲ್ಕು ವರ್ಷ ಸ್ಟುವರ್ಟ್ ಫ್ರೇಜರ್ ಎಂಬ ಬ್ರಿಟಿಷ್ ಅಧಿಕಾರಿಯ ಕೈಕೆಳಗೆ ಅಲ್ಲಿ ಪಾಠ ನಡೆಯಿತು. ಪುಸ್ತಕದ ಜೊತೆಗೆ ದೇಶ ಸುತ್ತುವುದು, ಊರುಗಳನ್ನು ನೋಡುವುದು ಕೂಡಾ ಆ ಪಾಠದ ಭಾಗ. ಇದೇ ಫ್ರೇಜರ್ ಆಮೇಲೆ ಮೈಸೂರಿಗೆ ಹೋಗಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಗುರುವಾದರು. ಅಲ್ಲಿ ಒಡೆಯರ ಜೊತೆ ಕೂತು ಕಲಿತ ಹುಡುಗರಲ್ಲಿ ಒಬ್ಬರು ಮಿರ್ಜಾ ಇಸ್ಮಾಯಿಲ್. ಮುಂದೆ ದಿವಾನರಾಗಿ ಬೆಂಗಳೂರು, ಮೈಸೂರುಗಳ ಬೀದಿ, ವೃತ್ತ, ಉದ್ಯಾನಗಳನ್ನು ತಿದ್ದಿ ತೀಡಿದವರು ಅವರೇ. ಒಬ್ಬ ಗುರುವಿನ ಬೇರೆ ಬೇರೆ ಶಿಷ್ಯರು ಬೇರೆ ಬೇರೆ ಊರುಗಳನ್ನು ರೂಪಿಸಿದರು ಎನ್ನುವುದು ನೆನಪಿಡಬೇಕಾದ ಸಂಗತಿ.

ಅರಮನೆ ಮೊದಲೇ ರೆಡಿ ಇತ್ತು

1894ರ ಏಪ್ರಿಲ್ 2ರಂದು ಶಾಹು ಅಧಿಕಾರ ವಹಿಸಿಕೊಂಡಾಗ ಅವರಿಗೆ 20 ವರ್ಷವೂ ತುಂಬಿರಲಿಲ್ಲ. ಕೊಲ್ಹಾಪುರದಲ್ಲಿ ನೋಡುವಂಥ ಕಟ್ಟಡಗಳಿಗೆ ಆಗಲೇ ಬರ ಇರಲಿಲ್ಲ. ಚಾರ್ಲ್ಸ್ ಮ್ಯಾಂಟ್ ಎಂಬ ಬ್ರಿಟಿಷ್ ಸೇನಾ ಎಂಜಿನಿಯರ್ ಅಲ್ಲಿ ಟೌನ್ ಹಾಲ್ ಮತ್ತು ಆಸ್ಪತ್ರೆ ಕಟ್ಟಿದ್ದರು. ಕಪ್ಪು ಕಲ್ಲಿನ ಹೊಸ ಅರಮನೆಯ ನಕ್ಷೆಯೂ ಅವರದೇ. 1877ರಲ್ಲಿ ಶುರುವಾಗಿ 1884ರಲ್ಲಿ ಮುಗಿದ ಆ ಅರಮನೆಯಲ್ಲಿ ಗುಮ್ಮಟ, ಕಮಾನು, ಗಡಿಯಾರ ಗೋಪುರ ಎಲ್ಲ ಉಂಟು. ಇಸ್ಲಾಮಿ, ರಜಪೂತ, ಯುರೋಪಿಯನ್ ಶೈಲಿಗಳನ್ನು ಬೆರೆಸಿದ ಇಂಡೋ-ಸಾರಸೆನಿಕ್ ಎಂಬ ಮಾದರಿ ಅದು. ಕೆಲಸ ಮುಗಿಯುವ ಮೊದಲೇ 1881ರಲ್ಲಿ ಮ್ಯಾಂಟ್ ತೀರಿಕೊಂಡಿದ್ದರು.

ಹೊಸ ರಾಜ ಬಂದರೆ ಹೊಸ ಅರಮನೆ ಎಂಬುದು ಆ ಕಾಲದ ರೂಢಿ. ಶಾಹು ಆ ದಾರಿ ಹಿಡಿಯಲಿಲ್ಲ. ಪಟ್ಟಕ್ಕೆ ಬಂದ ಮರುವರ್ಷವೇ, ಅಂದರೆ 1895ರಲ್ಲಿ, ಅವರು ಕೈ ಹಾಕಿದ್ದು ಬೆಲ್ಲದ ಮಾರುಕಟ್ಟೆಗೆ.

ಶಾಹುಪುರಿ: ಪೇಟೆಯಿಂದ ಶುರುವಾದ ನಗರ

1891ರಲ್ಲಿ ಮೀರಜ್‌ನಿಂದ ಕೊಲ್ಹಾಪುರಕ್ಕೆ ರೈಲು ಬಂದಿತ್ತು. ಹಳೇ ಊರು ಮಹಾಲಕ್ಷ್ಮಿ ದೇವಸ್ಥಾನದ ಸುತ್ತ ಇಕ್ಕಟ್ಟಾಗಿ ಬೆಳೆದಿತ್ತು. ಕಬ್ಬು ಬೆಳೆಯುವ ಸೀಮೆಯಲ್ಲಿ ಬೆಲ್ಲಕ್ಕೆ ಬರವಿಲ್ಲ. ಆದರೆ ಮಾಲು ತಂದು ಇಳಿಸಿ, ತೂಗಿ, ರೈಲಿಗೆ ಹಾಕಲು ಸರಿಯಾದ ಪೇಟೆ ಬೇಕಲ್ಲ? ರೈಲು ನಿಲ್ದಾಣದ ಮಗ್ಗುಲಲ್ಲೇ ಶಾಹುಪುರಿ ಎಂಬ ಹೊಸ ವ್ಯಾಪಾರ ಬಡಾವಣೆ ಎದ್ದಿತು. ವ್ಯಾಪಾರಿಗಳು ಬಂದರು, ಹಮಾಲರು ಬಂದರು, ಅಂಗಡಿಗಳ ಹಿಂದೆಯೇ ಮನೆಗಳು ಬಂದವು. ಕೊಲ್ಹಾಪುರದ ಬೆಲ್ಲಕ್ಕೆ ದೂರ ದೂರದ ಊರುಗಳಲ್ಲಿ ಹೆಸರು ಬಂತು. ಶಾಹುಪುರಿಯ ಗಲ್ಲಿಗಳನ್ನು ಇಂದಿಗೂ ನಂಬರಿನಿಂದಲೇ ಗುರುತಿಸುತ್ತಾರೆ.

ಇಲ್ಲಿ ಕ್ರಮ ಗಮನಿಸಿ. ಮೊದಲು ಸಂಚಾರ, ಆಮೇಲೆ ದುಡಿಮೆ, ಅದರ ಹಿಂದೆ ಮನೆ. ಇವತ್ತು ಹಲವು ಕಡೆ ಉಲ್ಟಾ ನಡೆಯುತ್ತದೆ. ಗದ್ದೆ ಮುಚ್ಚಿ ಸೈಟು ಮಾಡಿ ಮಾರುತ್ತಾರೆ. ರಸ್ತೆ, ಚರಂಡಿ, ಬಸ್ಸು ಆಮೇಲೆ ನೋಡೋಣ ಅನ್ನುತ್ತಾರೆ.

ಅದೇ ಸುಮಾರಿಗೆ ಬರಗಾಲ ಮತ್ತು ಪ್ಲೇಗ್ ಎರಡೂ ದಖ್ಖನಿನ ಮೇಲೆ ಎರಗಿದವು. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಕೇರಿಗಳು ಎಷ್ಟು ಅಪಾಯ ಎಂದು ಆಳುವವರಿಗೆ ಗೊತ್ತಾದದ್ದೇ ಆಗ. 1898ರ ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಅಗಲ ರಸ್ತೆಗಳೊಂದಿಗೆ ಎದ್ದವು. ನಮ್ಮ ದೇಶದ ಆಧುನಿಕ ನಗರ ಯೋಜನೆಯ ಬೇರು ಆ ಭಯದಲ್ಲೂ ಇದೆ.

ಎಲ್ಲರಿಗೂ ಎಂದು ಬರೆದರೆ ಸಾಕೇ?

ಶಾಹು ಅವರ ಕಟ್ಟಡಗಳಲ್ಲಿ ಅತಿ ಮುಖ್ಯವಾದವು ಹಾಸ್ಟೆಲ್‌ಗಳು. ಇದರ ಹಿಂದೆ ಒಂದು ಪಾಠ ಇದೆ. 1896ರಲ್ಲಿ ರಾಜಾರಾಂ ಕಾಲೇಜಿನ ಜೊತೆಗೆ ಎಲ್ಲ ಜಾತಿಯ ವಿದ್ಯಾರ್ಥಿಗಳಿಗೂ ಎಂದು ಒಂದು ವಸತಿ ನಿಲಯ ತೆರೆದರು. ಕಾಗದದಲ್ಲಿ ಬಾಗಿಲು ಎಲ್ಲರಿಗೂ ತೆರೆದೇ ಇತ್ತು. ಕೆಲವೇ ವರ್ಷಗಳಲ್ಲಿ ನೋಡಿದರೆ ಒಳಗೆ ಉಳಿದದ್ದು ಬ್ರಾಹ್ಮಣ ವಿದ್ಯಾರ್ಥಿಗಳು ಮಾತ್ರ. ಬೇರೆಯವರು ಬರಲಿಲ್ಲ, ಬಂದವರಿಗೆ ಒಗ್ಗಲಿಲ್ಲ.

ಅದೇ ಹೊತ್ತಿಗೆ ಅರಮನೆಯ ಪುರೋಹಿತರು ರಾಜನಿಗೇ ವೇದಮಂತ್ರ ಹೇಳಲು ಒಪ್ಪದ ವೇದೋಕ್ತ ವಿವಾದವೂ ಎದ್ದಿತು. ಸಿಂಹಾಸನದ ಮೇಲೆ ಕೂತವನಿಗೂ ಹೊಸ್ತಿಲಾಚೆ ನಿಲ್ಲುವುದು ಅಂದರೆ ಏನು ಎಂದು ತಿಳಿಯಿತು.

ಮುಂದಿನ ಹೆಜ್ಜೆ ಬೇರೆ ರೀತಿಯದಾಗಿತ್ತು. ಆಯಾ ಸಮುದಾಯದವರನ್ನೇ ಕರೆದು, ಜಾಗ ಮತ್ತು ಹಣ ಕೊಟ್ಟು, ನಡೆಸುವ ಹೊಣೆಯನ್ನೂ ಅವರಿಗೇ ವಹಿಸಿದರು. 1901ರಲ್ಲಿ ಮರಾಠಾ ಬೋರ್ಡಿಂಗ್, ಅದೇ ವರ್ಷ ಜೈನ ಬೋರ್ಡಿಂಗ್, 1907ರಲ್ಲಿ ವೀರಶೈವ ಲಿಂಗಾಯತ ಹಾಸ್ಟೆಲ್, 1908ರಲ್ಲಿ ಅಸ್ಪೃಶ್ಯ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಹಾಸ್ಟೆಲ್. ನಾಮದೇವ ಶಿಂಪಿ, ಪಾಂಚಾಳ, ಸಾರಸ್ವತ, ಕ್ರೈಸ್ತ, ಚಮ್ಮಾರ ಸಮುದಾಯಗಳ ಹಾಸ್ಟೆಲ್‌ಗಳು ಒಂದೊಂದಾಗಿ ಬಂದವು. ಕೊಲ್ಹಾಪುರಕ್ಕೆ ಹಾಸ್ಟೆಲ್‌ಗಳ ತಾಯಿ ಎಂಬ ಹೆಸರೇ ಬಿತ್ತು.

ನಮಗೆ ಹತ್ತಿರದ ಅಧ್ಯಾಯ 1906ರದು. ಮುಸ್ಲಿಂ ಮಕ್ಕಳು ಶಾಲೆಯಿಂದ ದೂರ ಉಳಿಯುತ್ತಿದ್ದುದನ್ನು ಕಂಡು ಶಾಹು ಊರಿನ ಮುಸ್ಲಿಂ ಪ್ರಮುಖರ ಸಭೆ ಕರೆದರು. ಮೊಹಮ್ಮದನ್ ಎಜುಕೇಶನ್ ಸೊಸೈಟಿ ಸ್ಥಾಪನೆಯಾಯಿತು. ಅಧ್ಯಕ್ಷತೆಯನ್ನು ಮಹಾರಾಜರೇ ವಹಿಸಿಕೊಂಡರು. ಅದರಿಂದ ಹುಟ್ಟಿದ ಮುಸ್ಲಿಂ ಬೋರ್ಡಿಂಗ್ ಇಂದಿಗೂ ಊರಿನ ನಡುಮಧ್ಯೆ ದಸರಾ ಚೌಕದಲ್ಲಿದೆ. ಆ ಚೌಕದಲ್ಲೇ ಶಾಹು ಮಹಾರಾಜರ ಪ್ರತಿಮೆ ಉಂಟು. ಸುತ್ತಮುತ್ತ ಬೇರೆ ಸಮುದಾಯಗಳ ಹಾಸ್ಟೆಲ್‌ಗಳೂ ಉಂಟು.

ಈ ಜಾಗದ ಆಯ್ಕೆಯನ್ನು ಆರ್ಕಿಟೆಕ್ಚರ್ ಕಲಿಯುವವರು ಸರಿಯಾಗಿ ನೋಡಬೇಕು. ಬೇರೆ ಬೇರೆ ಹಾಸ್ಟೆಲ್ ಅಂದರೆ ಬೇರೆ ಬೇರೆ ಮೂಲೆ ಎಂದು ಮಾಡಲಿಲ್ಲ. ಊಟ, ನಮಾಝು, ಮನೆಯ ಪದ್ಧತಿ ಅವರವರದು. ಹೊರಗೆ ಬಂದರೆ ಅದೇ ರಸ್ತೆ, ಅದೇ ಕಾಲೇಜು. ಊರ ಹೊರಗಿನ ಒಂದು ಗುಡ್ಡದ ಮೇಲೆ ಮುಸ್ಲಿಂ ಹಾಸ್ಟೆಲ್ ಕಟ್ಟಿಕೊಟ್ಟಿದ್ದರೆ ಅದೂ ಕಟ್ಟಡವೇ ಆಗುತ್ತಿತ್ತು, ಆದರೆ ಹುಡುಗರು ಊರಿನವರಾಗುತ್ತಿರಲಿಲ್ಲ.

ಕೊಲ್ಹಾಪುರದಿಂದ ಸುಮಾರು 70 ಕಿಲೋಮೀಟರ್ ದೂರದ ಗಡಹಿಂಗ್ಲಜ್ ನೋಡಿ. ಹಿರಣ್ಯಕೇಶಿ ನದಿಯ ದಡದ ಪೇಟೆ. ಕನ್ನಡ, ಮರಾಠಿ ಎರಡೂ ಕೇಳುವ ಊರು, ಸಂಕೇಶ್ವರಿ ಮೆಣಸಿನಕಾಯಿ ವ್ಯಾಪಾರಕ್ಕೆ ಹೆಸರಾದ ಊರು. ಬಸ್ಸಿಲ್ಲದ ಆ ಕಾಲದಲ್ಲಿ ಅಂಥ ತಾಲೂಕಿನ ಒಬ್ಬ ರೈತನ ಮಗ ಕೊಲ್ಹಾಪುರದಲ್ಲಿ ಓದಬೇಕಾದರೆ ಮೊದಲು ಬೇಕಾದದ್ದು ತಲೆ ಮೇಲೊಂದು ಸೂರು, ಎರಡು ಹೊತ್ತಿನ ಊಟ. ಫೀಸು ಮಾಫಿ ಮಾಡಿದರೆ ಸಾಲದು, ಮಲಗಲು ಜಾಗ ಬೇಕು ಎಂಬುದನ್ನು ಶಾಹು ಅರಿತಿದ್ದರು. ಕೊಲ್ಹಾಪುರದ ಹಾಸ್ಟೆಲ್‌ನಲ್ಲಿ ಉಳಿದು ಓದಿದವರಲ್ಲಿ ಒಬ್ಬರಾದ ಭಾವೂರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದರು. ಅದು ಮಹಾರಾಷ್ಟ್ರದ ಅತಿ ದೊಡ್ಡ ವಿದ್ಯಾಸಂಸ್ಥೆಗಳಲ್ಲೊಂದಾಗಿ ಬೆಳೆಯಿತು.

ರೋಮ್ ನೋಡಿ ಬಂದವರು ಕಟ್ಟಿದ್ದು ಕುಸ್ತಿ ಮೈದಾನ

1902ರಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆಂದು ಶಾಹು ಯುರೋಪಿಗೆ ಹೋದರು. ಅವರು ಅಲ್ಲಿದ್ದಾಗಲೇ, ಜುಲೈ 26ರಂದು, ಸಂಸ್ಥಾನದ ಖಾಲಿ ಹುದ್ದೆಗಳಲ್ಲಿ ಅರ್ಧವನ್ನು ಹಿಂದುಳಿದವರಿಗೆ ಮೀಸಲಿಡುವ ಪ್ರಸಿದ್ಧ ಆದೇಶ ಕೊಲ್ಹಾಪುರದಲ್ಲಿ ಹೊರಬಿತ್ತು. ಆ ಪ್ರವಾಸದಲ್ಲಿ ರೋಮಿನ ಬಯಲು ರಂಗಮಂದಿರ ಅವರ ಕಣ್ಣಿಗೆ ಬಿತ್ತು. ವಾಪಸ್ ಬಂದ ಮೇಲೆ ಅದೇ ಮಾದರಿಯನ್ನು ನಮ್ಮ ಮಣ್ಣಿನ ಆಟಕ್ಕೆ ಹೊಂದಿಸಿದರು. 1912ರಲ್ಲಿ ಸಿದ್ಧವಾದ ಖಾಸಬಾಗ್ ಮೈದಾನದ ನಡುವೆ ಕೆಂಪು ಮಣ್ಣಿನ ಕುಸ್ತಿ ಕಣ. ಸುತ್ತಲೂ ಬೋಗುಣಿಯ ಹಾಗೆ ಮೇಲೇರುವ ಮೆಟ್ಟಿಲುಗಳು. ಕೊನೆಯ ಸಾಲಿನಲ್ಲಿ ಕೂತವನಿಗೂ ಪಟ್ಟು ಕಾಣಬೇಕು. ಸಾವಿರಾರು ಜನರಿಗೆ ಜಾಗ. ಪಂಜಾಬಿನ ಮುಸ್ಲಿಂ ಪೈಲ್ವಾನರೂ ಕೊಲ್ಹಾಪುರದ ಹುಡುಗರೂ ಒಂದೇ ಮಣ್ಣಲ್ಲಿ ಇಳಿಯುತ್ತಿದ್ದರು.

ಅದಕ್ಕೆ ತಾಗಿಕೊಂಡೇ 1915ರಲ್ಲಿ ಪ್ಯಾಲೇಸ್ ಥಿಯೇಟರ್ ಬಂತು. ಆಮೇಲೆ ಅದಕ್ಕೆ ನಟ, ಗಾಯಕ ಕೇಶವರಾವ್ ಭೋಸಲೆ ಅವರ ಹೆಸರಿಟ್ಟರು. ಅವರ ಲಲಿತಕಲಾದರ್ಶ ನಾಟಕ ಕಂಪೆನಿ ಶುರುವಾದದ್ದು 1908ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ. ಶಾಹು ಆಸ್ಥಾನದ ಸಂಗೀತಗಾರ ಉಸ್ತಾದ್ ಅಲ್ಲಾದಿಯಾ ಖಾನ್, ಜೈಪುರ-ಅತ್ರೌಲಿ ಘರಾಣೆಯ ದೊಡ್ಡ ಹೆಸರು. ಕುಸ್ತಿ, ನಾಟಕ, ಸಂಗೀತ ಅರಮನೆಯ ಹಜಾರದಿಂದ ಊರಿನ ಕಟ್ಟಡಗಳಿಗೆ ಬಂದ ಕಾಲ ಅದು. 2024ರ ಆಗಸ್ಟ್ 8ರ ರಾತ್ರಿ ಈ ನಾಟಕ ಶಾಲೆಗೆ ಬೆಂಕಿ ಬಿದ್ದು ದೊಡ್ಡ ಭಾಗ ಸುಟ್ಟುಹೋಯಿತು. ಊರಿಗೆ ಊರೇ ದುಃಖಪಟ್ಟಿತು.

ಒಂದು ಕಪ್ ಚಹಾ, ಒಂದು ಕೊಡ ನೀರು

ಅರಮನೆಯ ಕುದುರೆ ಲಾಯದಲ್ಲಿ ಗಂಗಾರಾಮ್ ಕಾಂಬಳೆ ಎಂಬ ದಲಿತ ನೌಕರನಿದ್ದ. ಮೇಲ್ಜಾತಿಯವರಿಗೆಂದು ಇಟ್ಟ ತೊಟ್ಟಿಯ ನೀರು ಮುಟ್ಟಿದ ಎಂಬ ಕಾರಣಕ್ಕೆ ಉಳಿದ ನೌಕರರು ಅವನನ್ನು ಚೆನ್ನಾಗಿ ಹೊಡೆದರು. ಸುದ್ದಿ ತಿಳಿದು ಮಹಾರಾಜರು ಹೊಡೆದವರನ್ನು ಶಿಕ್ಷಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಸ್ವಂತ ವ್ಯಾಪಾರ ಮಾಡಲು ಕಾಂಬಳೆಗೆ ನೆರವು ಕೊಟ್ಟರು. ಊರಿನ ಮುಖ್ಯ ರಸ್ತೆಯಲ್ಲೇ ಅವನ ಚಹಾದ ಹೋಟೆಲ್ ತೆರೆಯಿತು. ದಲಿತನ ಕೈಯ ಚಹಾ ಕುಡಿಯಲು ಜನ ಬರಲಿಲ್ಲ. ಆಗ ಶಾಹು ತಮ್ಮ ಗಾಡಿಯನ್ನು ಆ ಹೋಟೆಲಿನ ಎದುರು ನಿಲ್ಲಿಸಿ, ಚಹಾ ತರಿಸಿ ಕುಡಿದರು. ಗಾಡಿಯಲ್ಲಿದ್ದ ದೊಡ್ಡ ದೊಡ್ಡವರಿಗೂ ಕುಡಿಸಿದರು.

1919ರಲ್ಲಿ ಶಾಲೆ, ಆಸ್ಪತ್ರೆ, ಬಾವಿಗಳಂಥ ಸಾರ್ವಜನಿಕ ಜಾಗಗಳಲ್ಲಿ ಅಸ್ಪೃಶ್ಯತೆ ಕೂಡದು ಎಂದು ಆದೇಶಗಳು ಬಂದವು. ಮರುವರ್ಷ ಮಾರ್ಚ್‌ನಲ್ಲಿ ಮಾಣಗಾಂವ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಅವರು ಯುವಕ ಅಂಬೇಡ್ಕರರನ್ನು ಮುಂದಿನ ನಾಯಕನೆಂದು ಜನರ ಮುಂದೆ ನಿಲ್ಲಿಸಿದರು. ಒಂದು ರಸ್ತೆಯೋ ಬಾವಿಯೋ ಸಾರ್ವಜನಿಕ ಆಗುವುದು ಅದನ್ನು ಎಲ್ಲರೂ ಬಳಸಿದಾಗ ಮಾತ್ರ. ಈ ಸರಳ ಮಾತನ್ನು ಅವರು ಒಂದು ಕಪ್ ಚಹಾದಲ್ಲಿ ತೋರಿಸಿದರು.

ನೀರಿನ ಲೆಕ್ಕ

ನೀರಿಲ್ಲದ ಊರು ನಿಲ್ಲದು. 1907ರಲ್ಲಿ ಭೋಗಾವತಿ ನದಿಗೆ ಅಣೆಕಟ್ಟು ಕಟ್ಟುವ ಯೋಜನೆ ಶುರುವಾಯಿತು. ಪಕ್ಕದಲ್ಲಿ ಬೆಳೆಸಿದ ಊರಿಗೆ ಮಗಳು ರಾಧಾಬಾಯಿಯ ಹೆಸರು ಇಟ್ಟು ರಾಧಾನಗರಿ ಎಂದರು. ಒಂದು ಸಣ್ಣ ಸಂಸ್ಥಾನಕ್ಕೆ ಇದು ಹೊರಲಾರದಷ್ಟು ದೊಡ್ಡ ಕೆಲಸ. ಹಣ ಸಾಲದೆ ನಡುವೆ ನಿಂತಿತು. ಶಾಹು ಬದುಕಿರುವಾಗ ಅದು ಮುಗಿಯಲೇ ಇಲ್ಲ. ಅವರ ನಂತರವೇ ಅದು ಪೂರ್ತಿಯಾಯಿತು. ಸುಮಾರು 8.36 ಟಿಎಂಸಿ ನೀರು ಹಿಡಿಯುವ ಈ ಜಲಾಶಯಕ್ಕೆ ತಾನಾಗಿ ತೆರೆದುಕೊಳ್ಳುವ ಏಳು ಗೇಟುಗಳಿವೆ. ಮಳೆಗಾಲದಲ್ಲಿ ಅವು ತೆರೆದುಕೊಂಡ ಸುದ್ದಿ ಬಂದರೆ ಕೊಲ್ಹಾಪುರದ ಪಂಚಗಂಗಾ ದಡದವರು ಎಚ್ಚರವಾಗುತ್ತಾರೆ.

2005, 2019, 2021ರ ಪ್ರವಾಹಗಳನ್ನು ಆ ಊರು ಮರೆತಿಲ್ಲ. ನದಿ ಹಬ್ಬುವ ಜಾಗದಲ್ಲಿ ಬಡಾವಣೆಗಳು ಎದ್ದರೆ ನೀರು ಎಲ್ಲಿಗೆ ಹೋಗಬೇಕು? ಅದೇ ನೀರು ಕೃಷ್ಣೆಗೆ ಸೇರಿ ನಮ್ಮ ಚಿಕ್ಕೋಡಿ, ಅಥಣಿ ಕಡೆಗೂ ಬರುತ್ತದೆ.

ಹತ್ತಿರದ ಇಚಲಕರಂಜಿ ಇನ್ನೊಂದು ಕಥೆ ಹೇಳುತ್ತದೆ. ಕೊಲ್ಹಾಪುರದ ಅಧೀನದಲ್ಲಿದ್ದ ಘೋರ್ಪಡೆ ಜಹಗೀರು ಅದು. 1904ರಲ್ಲಿ ವಿಠ್ಠಲರಾವ್ ದಾತಾರ್ ಅಲ್ಲಿ ಮೊದಲ ಪವರ್‌ಲೂಮ್ ಹಾಕಿದರು. ಜಹಗೀರುದಾರ ನಾರಾಯಣರಾವ್ ಘೋರ್ಪಡೆ ಪ್ರೋತ್ಸಾಹ ಕೊಟ್ಟರು. ಮನೆಯ ಒಂದು ಕೋಣೆಯಲ್ಲಿ ಮಗ್ಗ, ಇನ್ನೊಂದರಲ್ಲಿ ಸಂಸಾರ ಎಂಬ ಹಾಗೆ ಊರು ಬೆಳೆದು ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎನಿಸಿಕೊಂಡಿತು. 2022ರಲ್ಲಿ ಮಹಾನಗರಪಾಲಿಕೆಯೂ ಆಯಿತು. ಆದರೆ ಕುಡಿಯುವ ನೀರು, ಬಣ್ಣದ ಕಾರ್ಖಾನೆಗಳ ಕೊಳೆ ನೀರಿನ ತೊಂದರೆ ಇನ್ನೂ ಕಾಡುತ್ತಿದೆ. ದುಡಿಮೆ ಮುಂದೆ ಓಡಿತು, ಚರಂಡಿ ಹಿಂದೆ ಉಳಿಯಿತು.

ಜಯಸಿಂಗಪುರ: ಗೆರೆ ಎಳೆದು ಕಟ್ಟಿದ ಊರು

1917ರಲ್ಲಿ ಶಾಹು ತಮ್ಮ ಹೆತ್ತ ತಂದೆಯ ನೆನಪಿಗೆ ಒಂದು ಊರನ್ನೇ ಕಟ್ಟಿದರು. ಶಿರೋಳ ತಾಲೂಕಿನಲ್ಲಿ ಕೊಲ್ಹಾಪುರ-ಮೀರಜ್ ರೈಲು ದಾರಿಯಲ್ಲಿ ಜಯಸಿಂಗಪುರ ಎದ್ದಿತು. ಸಮಾಧಿ ಇಲ್ಲ, ಸ್ಮಾರಕ ಕಂಬ ಇಲ್ಲ. ನೇರ ಅಗಲ ರಸ್ತೆಗಳು, ಅವನ್ನು ಕತ್ತರಿಸುವ ಗಲ್ಲಿಗಳು, ಪ್ರತಿ ಗಲ್ಲಿಗೂ ನಂಬರು, ನಡುವೆ ವ್ಯಾಪಾರ ಪೇಟೆ. ಹೊಸಬರೂ ವಿಳಾಸ ಕೇಳದೆ ಮನೆ ಹುಡುಕಬಹುದು. ಗಲ್ಲಿಗೆ ಜಾತಿಯ ಹೆಸರಿನ ಬದಲು ನಂಬರು ಬಂದರೆ ಅದರಲ್ಲೇ ಒಂದು ಅರ್ಥ ಇದೆ. ಬ್ರಾಹ್ಮಣ ಕೇರಿ, ಹೊಲಗೇರಿ ಎಂದು ವಿಳಾಸ ಹೇಳುವ ಕಾಲದಲ್ಲಿ ಐದನೇ ಗಲ್ಲಿ ಎಂದು ಹೇಳುವ ಊರು ಅದು. ಶಾಹುಪುರಿಯಲ್ಲಿ ಕಲಿತದ್ದು ಇಲ್ಲಿ ಪೂರ್ತಿ ರೂಪ ಪಡೆಯಿತು. ಅದೇ 1917ರಲ್ಲಿ ಸಂಸ್ಥಾನದಲ್ಲಿ ಕಡ್ಡಾಯ ಉಚಿತ ಪ್ರಾಥಮಿಕ ಶಿಕ್ಷಣವೂ ಜಾರಿಗೆ ಬಂತು.

ಕೊನೆಯ ವರ್ಷಗಳು ಸುಲಭವಾಗಿರಲಿಲ್ಲ. 1918ರಲ್ಲಿ ಕಿರಿಯ ಮಗ ಶಿವಾಜಿ ಬೇಟೆಯ ಅಪಘಾತದಲ್ಲಿ ತೀರಿಕೊಂಡ. ವಿರೋಧಿಗಳ ಪತ್ರಿಕೆಗಳ ಟೀಕೆಯೂ ಬಿಡಲಿಲ್ಲ. 1922ರ ಮೇ 6ರಂದು ಮುಂಬೈಯಲ್ಲಿ ಶಾಹು ಕೊನೆಯುಸಿರೆಳೆದಾಗ ಅವರಿಗೆ ಇನ್ನೂ 48 ತುಂಬಿರಲಿಲ್ಲ.

ನಮಗೇನು?

ಇಂದು ನಗರಗಳಲ್ಲಿ ಗೇಟೆಡ್ ಲೇಔಟ್, ಸ್ಮಾರ್ಟ್ ಹೋಮ್, ಗಾಜಿನ ಮುಖದ ಅಪಾರ್ಟ್‌ಮೆಂಟ್‌ಗಳ ಟ್ರೆಂಡ್ ನಡೆದಿದೆ. ತಂತ್ರಜ್ಞಾನ ಒಳ್ಳೆಯದೇ. ಆದರೆ ಬಾಡಿಗೆ ಮನೆ ಹುಡುಕುವಾಗ ಹೆಸರು ಕೇಳಿ ಇಲ್ಲ ಅನ್ನಿಸಿಕೊಂಡ ನಮ್ಮ ಹುಡುಗರಿಗೆ ಒಂದು ವಿಷಯ ಗೊತ್ತು. ಬಾಗಿಲು ಸಾಗುವಾನಿಯದೋ ಸೆನ್ಸರ್ ಇರುವುದೋ ಎನ್ನುವುದಕ್ಕಿಂತ ಅದು ಯಾರಿಗೆ ತೆರೆಯುತ್ತದೆ ಎನ್ನುವುದೇ ದೊಡ್ಡದು. ಇದು ನಮಗೂ ಅನ್ವಯಿಸುತ್ತದೆ. ನಾವು ಕಟ್ಟುವ ಮನೆ, ಹಾಲ್, ಶಾಲೆಗಳ ಎದುರು ಪಕ್ಕದ ಮನೆಯ ಬಡವನಿಗೆ, ದೂರದ ಹಳ್ಳಿಯಿಂದ ಬಂದ ವಿದ್ಯಾರ್ಥಿಗೆ, ಬೇರೆ ಧರ್ಮದ ನೆರೆಯವನಿಗೆ ಜಾಗ ಇದೆಯೇ ಎಂದು ಕೇಳಿಕೊಳ್ಳಬೇಕು.

ಆರ್ಕಿಟೆಕ್ಚರ್, ಸಿವಿಲ್ ಓದುವ ಯುವಕ ಯುವತಿಯರು ಒಮ್ಮೆ ಕೊಲ್ಹಾಪುರಕ್ಕೆ ಹೋಗಿ ಬನ್ನಿ. ಬೆಳಗಾವಿಯಿಂದ ಎರಡು-ಮೂರು ಗಂಟೆಯ ದಾರಿ. ಹೊಸ ಅರಮನೆಯ ಕಲ್ಲು ಕೆಲಸ ನೋಡಿ, ಖಾಸಬಾಗ್‌ನ ಕೊನೆಯ ಮೆಟ್ಟಿಲಲ್ಲಿ ಕೂತು ಕಣ ಹೇಗೆ ಕಾಣುತ್ತದೆ ನೋಡಿ, ಜಯಸಿಂಗಪುರದ ಗಲ್ಲಿಗಳಲ್ಲಿ ನಡೆದಾಡಿ. ಆಮೇಲೆ ದಸರಾ ಚೌಕಕ್ಕೆ ಬಂದು ಮುಸ್ಲಿಂ ಬೋರ್ಡಿಂಗ್ ಎದುರು ಸ್ವಲ್ಪ ಹೊತ್ತು ನಿಲ್ಲಿ. ಒಂದು ಸಮುದಾಯದ ಮಕ್ಕಳಿಗೆ ಊರಿನ ನಡುವೆ ಜಾಗ ಕೊಟ್ಟರೆ ಆ ಊರು ಎಷ್ಟು ದೊಡ್ಡದಾಗುತ್ತದೆ ಎಂದು ಅಲ್ಲಿ ಕಾಣುತ್ತದೆ.